ನೂರಿಪ್ಪತ್ತು ಇಂಚು

ಫೆಬ್ರವರಿ ೨, ಭಾನುವಾರ

ನಾಗಮಂಗಲದಿಂದ ಬಂದಾಗಿನಿಂದ ರವೀಂದ್ರ ಟೇಪು ಹಿಡಿದು ಮನೆಯೆಲ್ಲ ಅಳೆಯುತ್ತಿದ್ದಾರೆ. ಅಲ್ಲಿ ಅವರ ತಮ್ಮ ಹೇಮಂತನ ಮನೆಯಲ್ಲಿ ಗೋಡೆ ತುಂಬ ಸಿನಿಮಾ ನೋಡಿ ಬಂದಿದ್ದಾರೆ. "ಥಿಯೇಟರ್ ಥರಾನೇ ಕಣೇ. ಹೀರೋ ಮೂಗೇ ಎರಡಡಿ ಇತ್ತು." ಯುಗಾದಿಗೆ ಹೇಮಂತನ ಮನೆಯವರೆಲ್ಲ ಇಲ್ಲಿಗೆ ಬರುತ್ತಾರೆ. ಅಷ್ಟರೊಳಗೆ ನಮ್ಮಲ್ಲೂ ಒಂದು ಪ್ರೊಜೆಕ್ಟರ್, ಒಂದು ಸ್ಕ್ರೀನ್ ಆಗಬೇಕಂತೆ. ಹೇಮಂತನದು ನೂರು ಇಂಚು. ಆದ್ದರಿಂದ ನಮ್ಮದು ನೂರಿಪ್ಪತ್ತು.

ಸಿನಿಮಾ ಬೇಡವೆಂದು ನಾನು ಹೇಳುವುದಿಲ್ಲ. ಆದರೆ ಕೆಳಗಿನ ಹಾಲಿನ ಉದ್ದ ಹನ್ನೊಂದೇ ಅಡಿ. ನೂರಿಪ್ಪತ್ತು ಇಂಚಿನ ಚಿತ್ರ ಬೀಳಬೇಕಾದರೆ ಪ್ರೊಜೆಕ್ಟರ್ ಗೋಡೆಯಿಂದ ಹದಿನಾಲ್ಕು ಅಡಿ ಹಿಂದೆ ಇರಬೇಕಂತೆ. ಅಷ್ಟು ಉದ್ದದ ಜಾಗ ಮನೆಯಲ್ಲಿ ಒಂದೇ, ಮಹಡಿಯ ಮೇಲಿರುವ ಮಾವನ ಕೆಲಸದ ಕೋಣೆ. "ಆ ಕಿಟಕಿ ಒಂದು ಮುಚ್ಚಿಸ್ಬಿಟ್ರೆ ಆಯ್ತು" ಎಂದರು, ಹಾಲಿನ ಪಾತ್ರೆ ಮುಚ್ಚುವ ಮಾತಿನಂತೆ.

ಮಾವನ ಕಿಟಕಿ ಐದಡಿ ಅಗಲ, ಉತ್ತರಕ್ಕಿದೆ. ಅಕ್ಕಸಾಲಿಗರ ಕೆಲಸಕ್ಕೆ ಉತ್ತರದ ಬೆಳಕೇ ಬೇಕೆಂದು ಅವರ ತಂದೆ ಇಡಿಸಿದ್ದು. ಬಿಸಿಲು ನೇರ ಬೀಳುವುದಿಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಹದದ ಬೆಳಕು. ಮಾವ, ಅಂದರೆ ನಾಗರಾಜಾಚಾರ್, ಐವತ್ತು ವರ್ಷ ಅದರ ಕೆಳಗೆ ಕೂತು ಈ ಶ್ರೀರಂಗಪಟ್ಟಣದ ಅರ್ಧ ಊರಿಗೆ ಓಲೆ, ಸರ, ತಾಳಿ ಮಾಡಿಕೊಟ್ಟವರು. ಮೂರು ವರ್ಷದ ಹಿಂದೆ ಅವರ ಕೈ ನಡುಗಲು ಶುರುವಾಯಿತು. ಆಮೇಲೆ ಹೊಸ ಕೆಲಸ ಒಪ್ಪಿಲ್ಲ. ಗುರುತಿನವರ ರಿಪೇರಿ ಮಾತ್ರ. ಬಿಟ್ಟ ಬೆಸುಗೆ, ಸವೆದ ತಿರುಪು, ಸಡಿಲವಾದ ಕಲ್ಲು.

ಅದರಲ್ಲಿ ನಾನು ಸಹಾಯ ಮಾಡುತ್ತೇನೆ. ಪಾಂಡವಪುರದ ಶಾಲೆಯಿಂದ ಬಂದ ಮೇಲೆ ಒಂದು ಗಂಟೆ, ಭಾನುವಾರ ಸ್ವಲ್ಪ ಹೆಚ್ಚು. ಮಾವನ ಕೈ ನಿಲ್ಲುವುದಿಲ್ಲವಾದ್ದರಿಂದ ಚಿಮಟ ನಾನು ಹಿಡಿಯುತ್ತೇನೆ. ಅವರಿಗೆ ದಮ್ಮು ಸಾಲದಾದ್ದರಿಂದ ಊದುಗೊಳವೆ ನಾನು ಊದುತ್ತೇನೆ. ಅರ ಹಾಕಿ ಉಜ್ಜುವುದು, ಕಲ್ಲು ಕೂರಿಸುವುದು, ಹೊಳಪು ಕೊಡುವುದು, ಇವೂ ಸೇರಿ. ಒಟ್ಟಿನಲ್ಲಿ ಸಹಾಯ. ಈ ಮನೆಯಲ್ಲಿ ಹೆಂಗಸರು ಚಿನ್ನ ಬಡಿಯುವ ಅಡಿಗಲ್ಲಿನ ಮುಂದೆ ಕೂರುವ ಪದ್ಧತಿಯಿಲ್ಲ. ಮೆಟ್ಟಿಲ ಮೇಲೆ ಯಾರದಾದರೂ ಹೆಜ್ಜೆ ಸದ್ದಾದರೆ ನಾನು ಎದ್ದು ಮೂಲೆಯ ಕುರ್ಚಿಗೆ ಹೋಗಿ ಮಕ್ಕಳ ನೋಟ್‌ಬುಕ್ ತೆರೆಯುತ್ತೇನೆ. ಮಾವ ಚಿಮಟ ತೆಗೆದುಕೊಳ್ಳುತ್ತಾರೆ.

"ಮಾವನ್ನ ಕೇಳಿದ್ರಾ?" ಎಂದೆ.

"ಅಪ್ಪ ಬೇಡ ಅನ್ನಲ್ಲ ಬಿಡು. ಸುಮ್ನೆ ಬಿದ್ದಿರೋ ರೂಮು." ರಿಪೇರಿ ಇವರ ಲೆಕ್ಕದಲ್ಲಿ ಕೆಲಸವಲ್ಲ, ಅಪ್ಪ ಹೊತ್ತು ಕಳೆಯುವ ದಾರಿ.

ನನ್ನನ್ನು ಕೇಳಬೇಕಿತ್ತು ಎಂದು ಹೇಳಲಿಲ್ಲ. ಆ ಕೋಣೆ ನನ್ನದಲ್ಲವಲ್ಲ. ಆದರೂ ಕೋಪ ಬಂತು. ಯಾಕೆಂದು ಯೋಚಿಸುತ್ತ ಅಕ್ಕಿಯನ್ನು ಆರು ಸಲ ತೊಳೆದೆ.

ಫೆಬ್ರವರಿ ೫, ಬುಧವಾರ

"ನೀನು ಇಂಗ್ಲಿಷ್ ಮೀಡಿಯಂ, ಓದಿ ಹೇಳು" ಎಂದು ರವೀಂದ್ರ ಒಂಬತ್ತು ಲಿಂಕ್ ಕಳಿಸಿದ್ದಾರೆ. ಸ್ಟಾಫ್ ರೂಮಿನಲ್ಲಿ ಕೂತು ಓದಿದೆ.

ಒಂದು ಸಂಗತಿ ತಲೆಯಲ್ಲಿ ನಿಂತಿತು. ಪ್ರೊಜೆಕ್ಟರಿಗೆ ಕಪ್ಪು ಬಣ್ಣ ಬಿಡಲು ಬರುವುದಿಲ್ಲ. ಕಪ್ಪು ಇರಬೇಕಾದ ಕಡೆ ಅದು ಏನನ್ನೂ ಬಿಡುವುದಿಲ್ಲ, ಅಷ್ಟೇ. ಕೋಣೆ ಎಷ್ಟು ಕತ್ತಲಾಗಿದೆಯೋ ಚಿತ್ರದ ಕಪ್ಪು ಅಷ್ಟು ಕಪ್ಪು. ಎಂಥ ದುಬಾರಿ ಯಂತ್ರ ತಂದರೂ ಕಿಟಕಿ ತೆರೆದಿದ್ದರೆ ಚಿತ್ರ ಬೂದು. ಹಾಗಾಗಿ ಮಾವನ ಕೋಣೆಯಲ್ಲಿ ಇಟ್ಟರೆ ಕಿಟಕಿ ಹೋಗುವುದು ಖಂಡಿತ.

ಇನ್ನೊಂದು ಸಂಗತಿಯೂ ಸಿಕ್ಕಿತು. ಶಾರ್ಟ್ ಥ್ರೋ ಎಂಬ ಬಗೆಯ ಪ್ರೊಜೆಕ್ಟರ್ ಗೋಡೆಯಿಂದ ನಾಲ್ಕಡಿಯಲ್ಲೇ ನೂರು ಇಂಚಿನ ಚಿತ್ರ ಬಿಡುತ್ತದೆ. ನಮ್ಮ ಹಾಲಿಗೆ ಅದು ಸಾಕು. ಹಾಲಿನ ಕಿಟಕಿಗೆ ಪರದೆ ಎಳೆದರೆ ಆಯಿತು, ಮಹಡಿ ಹತ್ತುವ ಅಗತ್ಯವೇ ಇಲ್ಲ. ಕಾಗದದ ಮೇಲೆ ಅಳತೆ ಬರೆದು ಎರಡು ಸಲ ತಾಳೆ ನೋಡಿದೆ.

ಫೆಬ್ರವರಿ ೮, ಶನಿವಾರ

ಪಾಂಡವಪುರದಲ್ಲಿ ಲೋಕೇಶ ಎಂಬವನ ಅಂಗಡಿಗೆ ಹೋಗಿದ್ದೆವು. ಪ್ರಶ್ನೆ ಕೇಳಿದ್ದು ನಾನು, ಉತ್ತರ ಬಂದದ್ದು ರವೀಂದ್ರರಿಗೆ.

"ಇದರ ಬ್ರೈಟ್‌ನೆಸ್ ಎಷ್ಟು?" ಎಂದೆ.

"ಒಂಬತ್ ಸಾವ್ರ ಲ್ಯೂಮೆನ್ಸು ಸಾರ್" ಎಂದು ಇವರ ಕಡೆ ತಿರುಗಿದ.

ಕೈಪಿಡಿ ಕೇಳಿ ಪಡೆದು ಕೊನೆಯ ಪುಟ ತೆರೆದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿದ್ದ ಒಂಬತ್ತು ಸಾವಿರ, ಒಳಗೆ ಇರುವೆ ಕಾಲಿನಂಥ ಅಕ್ಷರದಲ್ಲಿ ನಾನೂರು ಆಗಿತ್ತು. ತೋರಿಸಿದೆ.

"ಮೇಡಂ ತುಂಬ ಓದವ್ರೆ ಸಾರ್" ಎಂದು ನಕ್ಕ. ರವೀಂದ್ರರೂ ನಕ್ಕರು. ಆ ನಗುವಿನಲ್ಲಿ ಕೆಟ್ಟ ಉದ್ದೇಶವಿರಲಿಲ್ಲ ಎಂದು ನನಗೆ ಗೊತ್ತು. ಗೊತ್ತಿದ್ದೂ ಆ ಕೈಪಿಡಿಯಿಂದ ಇಬ್ಬರ ತಲೆಗೂ ಒಂದೊಂದು ಕೊಡಬೇಕೆನಿಸಿತು.

ಶಾರ್ಟ್ ಥ್ರೋ ತೋರಿಸಿ ಎಂದೆ. ಬೆಳ್ಳಗೆ ಅಗಲವಾದ ಡಬ್ಬಿ, ಗೋಡೆಗೆ ಅಷ್ಟು ಹತ್ತಿರ ಇಟ್ಟರೂ ಚಿತ್ರ ಚೂಪಾಗಿ ಬಂತು. "ನೂರೇ ಇಂಚು ಬರೋದು ಸಾರ್. ನೂರಿಪ್ಪತ್ತಾದ್ರೆ ಈ ಕಡೇದು." ನೂರೇ ಎನ್ನುವಾಗ ಲೋಕೇಶ ಮುಖ ಹುಳ್ಳಗೆ ಮಾಡಿದ. ಬಸ್ಸಿನಲ್ಲಿ ರವೀಂದ್ರ ಬೆರಳಲ್ಲಿ ಮುಂದಿನ ಸೀಟಿನ ಬೆನ್ನು ಅಳೆಯುತ್ತಿದ್ದರು.

ಫೆಬ್ರವರಿ ೯, ಭಾನುವಾರ

ಕಿರಂಗೂರಿನ ಚಿಕ್ಕಬೋರಮ್ಮ ಬಂದಿದ್ದರು. ಹೆಜ್ಜೆ ಸದ್ದಿಗೆ ನಾನು ಎದ್ದು ಕುರ್ಚಿಗೆ ಹೋದೆ. ಅಜ್ಜಿ ಮೊದಲು ಎಲೆ ಅಡಿಕೆ ತೆಗೆದು ಎರಡೂ ಕೈಯಿಂದ ಮಾವನಿಗೆ ಕೊಟ್ಟರು.

"ಹೋದ್ಸಲ ಸರ ಇಸ್ಕೊಂಡೋವಾಗ ಮರ್ತ್‌ಬುಟ್ಟಿದ್ದೆ ಕಣಾಚಾರ್ರೆ. ಮಾಡ್ದ ಕೈಗೆ ಎಲೆ ಅಡ್ಕೆ ಕೊಡ್ದೆ ಒಡ್ವೆ ಆಕ್ಕಂಡ್ರೆ ಮೈಗೆ ಒಗ್ಗಕಿಲ್ಲ. ಅದ್ಕೇ ಕತ್ತೆಲ್ಲ ನವೆ."

"ಅದು ನಿನ್ ಬೆವ್ರು ಕಣವ್ವ" ಎಂದರು ಮಾವ. ಎಲೆ ಅಡಿಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು. ಆ ಸರದ ಬೆಸುಗೆಯ ದಿನ ನನ್ನ ಹೆಬ್ಬೆರಳು ಸುಟ್ಟದ್ದು ಇನ್ನೂ ಕಂದು ಕಲೆಯಾಗಿದೆ. ಇರಲಿ.

ಈಗ ತಂದಿರುವುದು ಕೆಂಪಿನ ಓಲೆ, ಅವರ ತಾಯಿಯದು. ಕಿವಿಗೆ ಏಳೇಳು ಕಲ್ಲು. ಒಂದು ಓಲೆಯ ಕಲ್ಲುಗಳೆಲ್ಲ ಸಡಿಲವಾಗಿವೆ. ಮಾರ್ಚ್ ಮೊದಲ ವಾರ ಮೊಮ್ಮಗಳ ನಿಶ್ಚಿತಾರ್ಥ, ಅವಳ ಕಿವಿಗೆ ಹಾಕಬೇಕಂತೆ. "ನಮ್ಮವ್ವನ್ ಕಲ್ಲು ಕಣಾಚಾರ್ರೆ. ಒಂದು ಹೆಚ್ಚುಕಮ್ಮಿ ಆದ್ರೂ ನಾ ಸತ್ತೋದೆ ಅನ್ಕೊಳಿ."

"ನಾನಿಲ್ವೇನವ್ವ, ಬುಡು" ಎಂದರು ಮಾವ. ಅವರು ಹೋದ ಮೇಲೆ ಓಲೆಯನ್ನು ನನ್ನ ಕಡೆ ನೂಕಿದರು.

ಫೆಬ್ರವರಿ ೧೩, ಗುರುವಾರ

ಹಾಲಿನ ನಕ್ಷೆ ಬರೆದು ತೋರಿಸಿದೆ. ಶಾರ್ಟ್ ಥ್ರೋ, ನೂರು ಇಂಚು, ಬೂದು ಬಣ್ಣದ ಸ್ಕ್ರೀನ್, ಬೆಳಕಿರುವ ಕೋಣೆಗೆ ಅದೇ ಒಳ್ಳೆಯದಂತೆ. ರವೀಂದ್ರ ಚಪಾತಿ ಮಡಚುತ್ತ "ನೋಡಣ" ಎಂದರು.

"ಮಾವ, ನೀವು ಹೇಳಿ" ಎಂದೆ. ನನ್ನ ದನಿ ಸ್ವಲ್ಪ ಏರಿತ್ತು.

ಮಾವ ತಟ್ಟೆ ನೋಡುತ್ತ, "ನಂಗೇನು ಬೇಡ ಆ ರೂಮು. ನಿಮ್ಮಿಷ್ಟ" ಎಂದರು.

ಚಿಕ್ಕಬೋರಮ್ಮನ ಓಲೆ ಆ ಕೋಣೆಯಲ್ಲಿ, ಅವರ ಅಡಿಗಲ್ಲಿನ ಪಕ್ಕ ಇದೆ! ಬೇಡವಂತೆ. ಮಗನ ಮುಂದೆ ಅವರು ಕೈ ನಡುಗುವುದನ್ನು ಒಪ್ಪುವುದಿಲ್ಲ ಎಂದು ಗೊತ್ತು. ಲೋಟ ಹಿಡಿಯುವಾಗಲೂ ಎರಡು ಕೈ ಬಳಸಿ, ಚಳಿ ಎನ್ನುತ್ತಾರೆ. ಫೆಬ್ರವರಿಯಲ್ಲಿ, ಈ ಸೆಖೆಯಲ್ಲಿ.

ಆದರೂ "ನೋಡಣ" ಎಂದರೆ ಅರ್ಧ ಒಪ್ಪಿದಂತೆ. ನಕ್ಷೆಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದೆ.

ಫೆಬ್ರವರಿ ೨೦, ಗುರುವಾರ

ಪೆಟ್ಟಿಗೆ ಬಂತು. ಆ ಒಂಬತ್ತು ಸಾವಿರ ಲ್ಯೂಮೆನ್ಸಿನದು. ಜೊತೆಗೆ ಉದ್ದನೆಯ ಕೊಳವೆಯಲ್ಲಿ ಸುತ್ತಿದ ಸ್ಕ್ರೀನ್, ಬಿಳಿ, ನೂರಿಪ್ಪತ್ತು ಇಂಚು.

"ಹೇಮಂತ ಫೋನಲ್ಲಿ ಹೇಳ್ದ, ಇದೇ ಒಳ್ಳೇದಂತೆ."

ಹೇಮಂತನಿಗೆ ನಾಗಮಂಗಲದಿಂದ ನಮ್ಮ ಹಾಲು ಕಾಣುತ್ತದೆ. ಹಾಲಿನಲ್ಲೇ ನಿಂತಿರುವ ನಾನು ಕಾಣುವುದಿಲ್ಲ. ನಕ್ಷೆ ಕಿತ್ತು ಹಾಕಿದೆ.

ಫೆಬ್ರವರಿ ೨೨, ಶನಿವಾರ

ಅಕ್ಷರ ನೆಟ್ಟಗೆ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಇಲ್ಲವಾದರೆ ಏನಾದರೂ ಒಡೆಯುತ್ತೇನೆ.

ಅರ್ಧ ದಿನದ ಶಾಲೆ ಮುಗಿಸಿ ಎರಡು ಗಂಟೆಗೆ ಬಂದೆ. ಮೇಲೆ ಹೋದರೆ ಕೋಣೆ ಕತ್ತಲು. ಕಿಟಕಿಗೆ ಒಳಗಿನಿಂದ ಕಪ್ಪು ಕಾಗದ ಅಂಟಿಸಿದೆ, ಒಂದು ಎಳೆ ಬೆಳಕೂ ಇಲ್ಲ. ದೀಪ ಹಾಕಿದೆ. ನೆಲ ಫಳಫಳ ಅನ್ನುತ್ತಿದೆ. ಅಡಿಗಲ್ಲು, ಅಗ್ಗಿಷ್ಟಿಕೆ, ಚಿಮಟಗಳು, ಅರಗಳು, ಎಲ್ಲ ಒಂದು ಅಕ್ಕಿ ಚೀಲದಲ್ಲಿ. ಗಾರೆ ಕೆಲಸದ ಸಿದ್ದರಾಜು ಸ್ಕ್ರೀನ್ ತೂಗುಹಾಕಲು ಗೋಡೆಗೆ ತೂತು ಕೊರೆಯುತ್ತಿದ್ದ.

"ನೆಲ ಗುಡಿಸಿದ್ಯಾರು?" ಎಂದೆ.

"ನಾನೇ ಕಣಕ್ಕ. ಏನ್ ಕಸ, ಏನ್ ಕಸ! ಯಾವ್ ಕಾಲ್ದಿಂದ ಗುಡ್ಸಿರ್ನಿಲ್ವೋ. ಸಿಮೆಂಟ್ ಚೀಲ್ದಾಗ್ ತುಂಬಿ ಗೇಟ್ತಾವ ಮಡ್ಗಿವ್ನಿ, ಕಸದ್ ಗಾಡಿ ಬಂದ್ರೆ ಎತ್ತಾಕ್ಕೊಂಡೋಯ್ತದೆ."

ಅಕ್ಕಸಾಲಿಗರ ಮನೆಯಲ್ಲಿ ಕೆಲಸದ ಕೋಣೆಯ ಕಸವನ್ನು ಹೊರಗೆ ಹಾಕುವುದಿಲ್ಲ. ಒಳಮುಖವಾಗಿ ಗುಡಿಸಿ ಮಡಕೆಯಲ್ಲಿ ಕೂಡಿಡುತ್ತಾರೆ. ಅದನ್ನು ತೊಳೆದು ಪುಡಿ ಬಂಗಾರ ತೆಗೆಯುವವರು ಬರುವವರೆಗೆ ಅದು ಹಾಗೇ ಇರುತ್ತದೆ. ನನ್ನ ತವರಿನಲ್ಲೂ ಹಾಗೆಯೇ. ರವೀಂದ್ರ ಆ ಮಡಕೆ ನೋಡುತ್ತ ಬೆಳೆದವರು. ಪರಕೆ ಕೊಟ್ಟವರೂ ಅವರೇ.

ಆಮೇಲೆ ಓಲೆ ನೆನಪಾಯಿತು. ಕಲ್ಲು ಹಿಡಿಯುವ ಕಟ್ಟು ಸರಿಮಾಡಲು ಏಳನ್ನೂ ಬಿಡಿಸಿ, ತಗಡಿನ ಡಬ್ಬಿಯಲ್ಲಿ ಅರಗಿನ ಮೇಲೆ ಒತ್ತಿಟ್ಟಿದ್ದೆ. ಡಬ್ಬಿ ಅಕ್ಕಿ ಚೀಲದ ತಳದಲ್ಲಿತ್ತು, ಮುಚ್ಚಳ ಬೇರೆ, ಡಬ್ಬಿ ಬೇರೆ. ಓಲೆಯ ಚಿನ್ನ ಇತ್ತು. ಕಲ್ಲು ಆರು. ಚೀಲ ಬೋರಲು ಹಾಕಿ ಮೂರು ಸಲ ಎಣಿಸಿದೆ. ಆರು.

ಕೆಳಗೆ ಓಡಿದೆ. ಹಾಲಿನಲ್ಲಿ ರವೀಂದ್ರ ಪೆಟ್ಟಿಗೆಯ ಥರ್ಮಾಕೋಲ್ ಬಿಡಿಸುತ್ತಿದ್ದರು, ಮಾವ ಟೀವಿ ಮುಂದೆ ಕೂತಿದ್ದರು.

"ಅಕ್ಕಸಾಲಿಗರ ಮಗ ಆಗಿ ಕೋಣೆ ಕಸ ಬೀದಿಗೆ ಹಾಕಿಸಿದ್ದೀರಲ್ರೀ!"

"ಕಿರ್ಚಬೇಡ. ಮೂರು ವರ್ಷದಿಂದ ಕೆಲಸ ನಿಂತಿರೋ ರೂಮಲ್ಲಿ ಯಾವ ಚಿನ್ನದ ಕಸ ಇರುತ್ತೆ? ಬರೀ ಧೂಳು."

ನಾನು ಮಾವನನ್ನು ನೋಡಿದೆ. ಮಾವ ಟೀವಿ ನೋಡಿದರು. ಅದರಲ್ಲಿ ಸೋಪಿನ ಜಾಹೀರಾತು ಬರುತ್ತಿತ್ತು.

"ಚಿಕ್ಕಬೋರಮ್ಮನ ಕಲ್ಲು ಕಳೆದಿದೆ" ಎಂದಷ್ಟೇ ಹೇಳಿ ಗೇಟಿನ ಹತ್ತಿರ ಹೋಗಿ ಚೀಲ ಎತ್ತಿಕೊಂಡು ಬಂದೆ. ಸಿದ್ದರಾಜು ಹಿಡಿಯಲು ಬಂದ, ಬಿಡಲಿಲ್ಲ. ಅಷ್ಟು ಭಾರವನ್ನು ಒಬ್ಬಳೇ ಹೇಗೆ ಮಹಡಿ ಹತ್ತಿಸಿದೆನೋ ಗೊತ್ತಿಲ್ಲ.

ಫೆಬ್ರವರಿ ೨೩, ಭಾನುವಾರ

ಬೆಳಿಗ್ಗೆ ತಿಂಡಿ ಮಾಡಲಿಲ್ಲ. ಯಾರೂ ಕೇಳಲಿಲ್ಲ.

ಕಸದಲ್ಲಿ ಮೆಣಸಿನ ಕಾಳಿಗಿಂತ ಚಿಕ್ಕ ಕೆಂಪು ಕಲ್ಲನ್ನು ಹುಡುಕಬೇಕು. ಬೂದಿ, ಇಟ್ಟಿಗೆ ಪುಡಿ, ಗೋಡೆ ಕೊರೆದ ಸುಣ್ಣ, ಎಲ್ಲ ಕೂಡಿದೆ. ಮೊದಲು ಬಿಳಿ ಬಟ್ಟೆ ಬೇಕಿತ್ತು. ಬೆಡ್‌ಶೀಟ್ ಚಿಕ್ಕದು, ಸುಕ್ಕು. ಗೋಡೆಗೆ ಆನಿಸಿದ್ದ ಕೊಳವೆ ಕಂಡಿತು. ಸ್ಕ್ರೀನ್ ಹೊರಗೆಳೆದು ನೆಲದ ಮೇಲೆ ಬಿಚ್ಚಿದೆ. ಒಂದೂ ಸುಕ್ಕಿಲ್ಲದ ಬಿಳುಪು, ಕೋಣೆಯ ಅರ್ಧಕ್ಕೆ ಬಂತು. ಅದರ ಮೇಲೆ ಚೀಲ ಸುರಿದೆ.

ರವೀಂದ್ರ ಬಾಗಿಲಲ್ಲಿ ನಿಂತು "ಅಯ್ಯೋ, ಸ್ಕ್ರೀನು!" ಎಂದರು. ಗೋಲಿಗಣ್ಣಿನ ಬೊಂಬೆಯ ಹಾಗೆ ಕಣ್ಣು ಬಿಟ್ಟುಕೊಂಡು ನಿಂತರು.

ಕಪ್ಪು ಕಾಗದ ಕೀಳಲು ಹೋದಾಗ ಮೆಟ್ಟಿಲ ಮೇಲೆ ಸದ್ದಾಯಿತು. ಮಂಡಿ ನೋವಿನ ಮಾವ ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿದ್ದರು.

"ಕೀಳ್ಬೇಡ ಕಣಮ್ಮ. ಕತ್ಲೇ ಇರ್ಲಿ. ನಮ್ಮಪ್ಪ ಕಲ್ಲು ಬಿದ್ರೆ ಬಾಗ್ಲು ಹಾಕಿ ನೆಲದ ಮೇಲೆ ದೀಪ ಇಡ್ತಿದ್ರು. ಮೇಲಿಂದ ಬೆಳಕು ಬುಟ್ರೆ ಕಾಣಲ್ಲ. ಪಕ್ಕದಿಂದ ಬುಡ್ಬೇಕು."

ದೀಪ ಯಾವುದು ಎಂದು ಯೋಚಿಸುವ ಅಗತ್ಯವಿರಲಿಲ್ಲ. ಪ್ರೊಜೆಕ್ಟರನ್ನು ನೆಲದ ಮೇಲೆ, ಸ್ಕ್ರೀನಿನ ಅಂಚಿಗೆ ಇಟ್ಟೆ. ನನ್ನ ಲ್ಯಾಪ್‌ಟಾಪ್ ಜೋಡಿಸಿ ಏನೂ ಬರೆಯದ ಬಿಳಿ ಪುಟ ತೆರೆದೆ. ಬೆಳಕು ನೆಲಕ್ಕೆ ಅಂಟಿಕೊಂಡು ಹರಿಯಿತು. ಒಂದೊಂದು ಕಣಕ್ಕೂ ಬೆರಳುದ್ದದ ನೆರಳು ಬಿತ್ತು.

"ಯಾರಾದ್ರೂ ಇದನ್ನ ಹಿಡ್ಕೊಳ್ಳಿ" ಎಂದೆ. ಯಾರಾದರೂ ಎಂದರೆ ರವೀಂದ್ರ. ಬಂದು ಬಗ್ಗಿ ಹಿಡಿದರು. ನಾನು ಹೊಟ್ಟೆ ಮೇಲೆ ಮಲಗಿ ಕಡ್ಡಿಯಿಂದ ಕಸ ಹರಡುತ್ತ ಹೋದೆ.

"ಎಡಕ್ಕೆ. ಇನ್ನೂ ಎಡಕ್ಕೆ. ಅಲುಗಿಸಬೇಡಿ."

ಅಲ್ಲಲ್ಲಿ ಹಳದಿ ಚುಕ್ಕೆಗಳು ಮಿನುಗುತ್ತಿದ್ದವು. ರವೀಂದ್ರ ಮುಖ ಹತ್ತಿರ ತಂದರು. "ಅಪ್ಪ, ಇದು ಚಿನ್ನ ಅಲ್ವಾ? ಮೂರು ವರ್ಷದ್ದು ಇನ್ನೂ ಇಷ್ಟು ಹೊಳಪಾ?"

ಮಾವ ಕುರ್ಚಿಯಲ್ಲಿ ಕೂತಿದ್ದರು, ನಾನು ಓಡಿಹೋಗಿ ಕೂರುತ್ತಿದ್ದ ಕುರ್ಚಿ. "ಮೂರು ವರ್ಷದ್ದಲ್ಲ ಕಣೋ. ಹೋದ್ವಾರದ್ದು. ಅರ ಹಾಕಿದ್ದು ಇವಳು."

"ಇವಳಾ?"

"ನನ್ ಕೈ ನೋಡು." ಎರಡೂ ಕೈ ಮುಂದೆ ಚಾಚಿದರು. ಆ ಬೆಳಕಿನಲ್ಲಿ ಹಿಂದಿನ ಗೋಡೆಯ ಮೇಲೆ ಅವುಗಳ ನೆರಳು ಬಿತ್ತು, ದೊಡ್ಡದಾಗಿ, ನಡುಗುತ್ತ. "ಇದು ಶುರುವಾದಾಗ್ನಿಂದ ಎಲ್ಲಾ ಅವಳೇ. ನಾನು ಬರೀ ಎಲೆ ಅಡ್ಕೆ ತಿನ್ನೋನು."

ರವೀಂದ್ರ ಪ್ರೊಜೆಕ್ಟರ್ ಹಿಡಿದುಕೊಂಡೇ, "ನಂಗ್ಯಾಕೆ ಹೇಳ್ಲಿಲ್ಲ?" ಎಂದರು. ಕೇಳಿದ್ದು ಮಾವನನ್ನಲ್ಲ, ನನ್ನನ್ನು.

"ಬಲಕ್ಕೆ" ಎಂದೆ.

ಎರಡು ಗಂಟೆ ಹಿಡಿಯಿತು. ಸ್ಕ್ರೀನಿನ ಮುಕ್ಕಾಲು ಭಾಗ ದಾಟಿದ ಮೇಲೆ ಒಂದು ಕಡೆ ನನ್ನ ಕಡ್ಡಿ ನಿಂತಿತು. ಎಲ್ಲ ಕಣಗಳ ನೆರಳೂ ಕಪ್ಪು. ಒಂದರ ನೆರಳು ಮಾತ್ರ ಕೆಂಪು.

ಚಿಮಟದಿಂದ ಎತ್ತಿದೆ. ಆಮೇಲೆ ಅಳು ಬಂತು, ಕೋಪದ ಅಳು. ಮೂಗಿನ ತುಂಬ ಬೂದಿ ಇದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲವೆಂದುಕೊಂಡಿದ್ದೇನೆ.

ಫೆಬ್ರವರಿ ೨೬, ಬುಧವಾರ

ಶಿವರಾತ್ರಿ, ಶಾಲೆಗೆ ರಜೆ. ಭಾನುವಾರವೇ ಕಾಗದ ಕಿತ್ತು ಹಾಕಿದ್ದೆ. ಬೆಳಿಗ್ಗೆ ಏಳರಿಂದ ಕೂತು ಏಳೂ ಕಲ್ಲು ಕೂರಿಸಿದೆ. ಆರನೆಯದು ಸ್ವಲ್ಪ ತಕರಾರು ಮಾಡಿತು, ಕಟ್ಟು ಇನ್ನೊಂದು ಸಲ ಬಿಸಿ ಮಾಡಬೇಕಾಯಿತು.

ರವೀಂದ್ರರ ಪ್ರಶ್ನೆ ಮೂರು ದಿನದಿಂದ ಜೊತೆಗೇ ಇದೆ. ನಾನು ಯಾಕೆ ಹೇಳಲಿಲ್ಲ? ಶನಿವಾರ ಹಾಲಿನಲ್ಲಿ ನಿಂತು ಮಾವ ಹೇಳಲಿ ಎಂದು ಕಾದೆ. ಆದರೆ ಹೆಜ್ಜೆ ಸದ್ದಾದಾಗಲೆಲ್ಲ ಎದ್ದುಹೋಗಿ ನೋಟ್‌ಬುಕ್ ತೆರೆ ಎಂದು ಮಾವ ಒಂದು ದಿನವೂ ಹೇಳಿದವರಲ್ಲ. ನಾನೇ ಎದ್ದದ್ದು. ಟೀಚರ್, ಇಂಗ್ಲಿಷ್ ಮೀಡಿಯಂ, ಬೂದಿಯ ಮುಂದೆ ಕೂರುವುದನ್ನು ಯಾರಾದರೂ ನೋಡಿಯಾರು ಎಂಬ ನಾಚಿಕೆಯೂ ಅದರಲ್ಲಿ ಇತ್ತೇ? ಇತ್ತು. ರವೀಂದ್ರ ನೋಡಿದ್ದು ನಾವು ತೋರಿಸಿದ್ದನ್ನು.

ಹಾಗೆಂದು ಕೋಪ ಇಳಿದಿಲ್ಲ. ನಕ್ಷೆಯನ್ನಂತೂ ತೋರಿಸಿದ್ದೆನಲ್ಲ.

ಮಾರ್ಚ್ ೨, ಭಾನುವಾರ

ಚಿಕ್ಕಬೋರಮ್ಮ ಬಂದು ಹೋದರು. ಹೆಜ್ಜೆ ಸದ್ದು ಕೇಳಿತು, ಆದರೆ ಒಂದು ಕೊಂಡಿಗೆ ಅರ ಹಾಕುತ್ತಿದ್ದೆ, ಅರ್ಧದಲ್ಲಿ ಏಳಲಾಗಲಿಲ್ಲ.

ಅಜ್ಜಿ ಬಾಗಿಲಲ್ಲೇ ನಿಂತರು. "ಅಯ್, ಇದೇನು, ಟೀಚರಮ್ಮ ಕುಂತವ್ಳೆ! ಆಚಾರ್ರೆಲ್ಲಿ?"

"ಇಲ್ಲೇ ಇವ್ನಿ ಬಾರವ್ವ" ಎಂದರು ಮಾವ ಕುರ್ಚಿಯಿಂದ.

ಓಲೆ ಕೊಟ್ಟೆ. ಕಿಟಕಿಗೆ ಹಿಡಿದು, ಉಗುರಿನಿಂದ ಒಂದೊಂದೇ ಕಲ್ಲು ಒತ್ತಿ ನೋಡಿದರು. ಅಲುಗಲಿಲ್ಲ. ಸೆರಗಿನಿಂದ ಎಲೆ ಅಡಿಕೆ ಬಿಚ್ಚಿ ಮಾವನ ಕಡೆ ತಿರುಗಿದರು. ಮಾವ ಎರಡೂ ಕೈ ಟವೆಲ್ಲಿನ ಒಳಗೆ ಸೇರಿಸಿಕೊಂಡರು.

"ಮಾಡ್ದ ಕೈಗೆ ಕೊಡವ್ವ."

ಅಜ್ಜಿ ನನ್ನ ಕೈ ನೋಡಿದರು, ಹೆಬ್ಬೆರಳಿನ ಕಲೆ ನೋಡಿದರು. "ಇದ್ಯಾವಾಗ್ಲಿಂದ?"

"ನಿಮ್ಮ ಸರಾನೂ ನಾನೇ ಮಾಡಿದ್ದು" ಎಂದೆ.

"ಅಂಗಾರೆ ಅದ್ರ ಎಲೆ ಅಡ್ಕೆ ತಿಂದೋರ್ಯಾರು?"

"ನಾನೇ ಕಣವ್ವ. ತಿಂದ್ಬುಟ್ಟೆ."

"ಅದ್ಕೇ ಇನ್ನೂವೆ ನವೆ! ನೋಡು, ಬೆವ್ರು ಅಂದ್ರು." ನಗುತ್ತ ನನ್ನ ಎರಡೂ ಕೈ ಸೇರಿಸಿ ಅದರೊಳಗೆ ಎಲೆ ಇಟ್ಟರು. "ಸರದ್ದು ಬಾಕಿ ಅದೆ ಕಣವ್ವ. ಸಂತೆ ದಿವ್ಸ ತತ್ತೀನಿ."

ಕೆಳಗೆ ಬೆಳಿಗ್ಗೆಯಿಂದ ರವೀಂದ್ರ ಸ್ಕ್ರೀನಿನ ಗೀರು ಬಿದ್ದ ಕಡೆಯನ್ನು ಮಡಚಿ ಹಾಲಿನ ಗೋಡೆಗೆ ಕಟ್ಟುತ್ತಿದ್ದಾರೆ. ಹನ್ನೊಂದು ಅಡಿಗೆ ಆ ಪ್ರೊಜೆಕ್ಟರಿನಿಂದ ಎಂಬತ್ತೈದು ಇಂಚೇ ಬರುವುದು, ಹೇಮಂತನದಕ್ಕಿಂತ ಚಿಕ್ಕದು. ಇದನ್ನು ಅವರು ನನಗೆ ಹೇಳಿಲ್ಲ. ನಾನೂ ಕೇಳಿಲ್ಲ.

ನಾಲ್ಕು ಗಂಟೆಗೆ ಕೆಳಗಿನಿಂದ ಕೂಗಿದರು. "ರಂಜಿತಾ, ಒಂದ್ನಿಮಿಷ ಬಾ, ಚಿತ್ರ ಸೊಟ್ಟಗಿದ್ಯಾ ನೋಡು."

ನನ್ನ ಕಿಟಕಿಯ ಗಾಜಿನ ಮೂಲೆಯಲ್ಲಿ ಇನ್ನೂ ಸ್ವಲ್ಪ ಅಂಟು ಉಳಿದಿದೆ, ಬ್ಲೇಡಿನಿಂದ ಹೆರೆಯಬೇಕು. ಕೊಂಡಿಯ ಒಂದು ಬದಿ ಬಾಕಿ ಇತ್ತು.

"ಇಲ್ಲಿ ಬೆಳಕಿದೆ" ಎಂದು ಕೂಗಿ ಹೇಳಿದೆ. "ಅದು ಹೋದ್ಮೇಲೆ ಬರ್ತೀನಿ."